ಮಗಳ ರಕ್ತದ ಗುಂಪು

ನನ್ನನ್ನು ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದ್ದರು. ಹಾಗಾಗಿ ನನ್ನ ಅತ್ತೆ ಬೇರೆ ಯಾರೂ ಅಲ್ಲ, ನನ್ನ ತಾಯಿಯನ್ನು ಹೆತ್ತ ಅಜ್ಜಿಯೇ. ಕಿಬ್ಬನಹಳ್ಳಿಯಿಂದ ಸ್ವಲ್ಪ ಒಳಗೆ ತೋಟದ ಮನೆ. ಗಂಡ ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದರು. ಮದುವೆಯಾದ ಮೇಲೂ ನಾನು ಅವರನ್ನು ಮಾವ ಎಂದೇ ಕರೆಯುತ್ತಿದ್ದೆ. ಈ ಮನುಷ್ಯ ಒಂದು ದಿನ ನನ್ನ ನಡತೆಯ ಮೇಲೆ ಅನುಮಾನ ಪಡುತ್ತಾರೆ ಎಂದು ಯಾರಾದರೂ ಹೇಳಿದ್ದರೆ ಅವರ ಮುಖಕ್ಕೆ ಉಗಿದು ಕಳಿಸುತ್ತಿದ್ದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಏಳು ವರ್ಷದ ಮಗಳಿಗೆ ತೊಡೆಯ ಮೂಳೆಯೊಳಗೆ ಕೀವು ತುಂಬಿಕೊಂಡು, ಹೊರಗೆ ಗಾಯವಾಗಿ ಸೋರುತ್ತಿತ್ತು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಗಬೇಕು, ರಕ್ತ ಕೊಡಬೇಕಾಗುತ್ತದೆ, ಗುಂಪು ನೋಡಿಸಿಕೊಂಡು ಬನ್ನಿ ಎಂದಿದ್ದರು. ತಿಪಟೂರಿನಲ್ಲಿ ನೋಡಿಸಿದೆವು. ಓ ಗುಂಪು ಎಂದರು. ನನ್ನ ತಮ್ಮನದೂ ಓ, ಸದ್ಯ ಬದುಕಿದೆವು ಎಂದುಕೊಂಡೆ. ಗಂಡ ಮಾತ್ರ ಇನ್ನೊಂದು ಸಲ ನೋಡಿ ಎಂದು ಪಟ್ಟು ಹಿಡಿದರು. ಆಗಲೂ ಓ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಸೀಟು ಖಾಲಿಯಿದ್ದರೂ ಅವರು ನಿಂತೇ ಬಂದರು.

ಮನೆಗೆ ಬಂದು ಮಗಳನ್ನು ಮಲಗಿಸಿದ ಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ನಂದು ಏಬಿ ಕಣೇ. ಏಬಿ ಅಪ್ಪನಿಗೆ ಓ ಮಗು ಹುಟ್ಟಲ್ಲ. ವರ್ಷಾ ವರ್ಷಾ ಹುಡುಗ್ರಿಗೆ ಇದನ್ನೇ ಪಾಠ ಮಾಡ್ತೀನಿ."

ನನಗೆ ಮೊದಲು ತಲೆಬುಡ ತಿಳಿಯಲಿಲ್ಲ. ತಿಳಿದಾಗ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಪಾಠಕ್ಕಿಷ್ಟು ಬೆಂಕಿ ಬೀಳ!" ಎಂದು ಕೂಗಿದೆ. ಕೈಯಲ್ಲಿದ್ದ ಸೌಟನ್ನು ಎಸೆದೆ. ಅವರು ತೋಟದ ಕಡೆ ಹೋದರು.

ಅವರು ಹೋಗಲಿ, ನನ್ನನ್ನು ಕೊಂದದ್ದು ಅಜ್ಜಿ. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದವಳು ಹತ್ತಿರ ಬಂದು ತಲೆ ಸವರಿ, "ಹೋಗ್ಲಿ ಬುಡೇ, ಆಗಿದ್ದಾಯ್ತು. ನಾನು ಯಾರ ಮುಂದೂ ಬಾಯಿ ಬುಡಕಿಲ್ಲ. ಮಗಾ ನಮ್ಮನೇದೇ ಅಂತ ಇಟ್ಕಳಾಣ" ಅಂದಳು. ಅಯ್ಯೋ, ಮಾಡದ ತಪ್ಪಿಗೆ ಕ್ಷಮೆ! ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕ್ಷಮಿಸಿದವಳಿಗೆ ಏನು ಹೇಳಲಿ? ಅಂದಿನಿಂದ ತೆಂಗಿನಕಾಯಿ ಸುಲಿಯಲು ಬಂದ ಆಳುಗಳಿಗೂ ತಲೆಯೆತ್ತಿ ಕಾಫಿ ಕೊಡಲಾಗದಷ್ಟು ನಾಚಿಕೆ ನನಗೆ. ಅವರಿಗೇನೂ ಗೊತ್ತಿರಲಿಲ್ಲ, ಆದರೂ. ಮಗಳ ಗಾಯಕ್ಕೆ ಬಟ್ಟೆ ಕಟ್ಟುವಾಗ ಅವಳ ಮೂಗು ಗಂಡನ ಮೂಗಿನ ಹಾಗಿದೆಯಾ, ಕಿವಿ ಯಾರ ಹಾಗಿದೆ ಎಂದು ನೋಡುತ್ತಿದ್ದೆ. ನಾನೇ, ಹೆತ್ತವಳು!

ಬೆಂಗಳೂರಿಗೆ ಎಲ್ಲರೂ ಹೋದೆವು, ಅಜ್ಜಿಯೂ ಹಟ ಮಾಡಿ ಬಂದಳು. ನನ್ನ ತಮ್ಮನ ರಕ್ತವನ್ನು ಮಗಳ ರಕ್ತದ ಜೊತೆ ಬೆರೆಸಿ ನೋಡಿದರೆ ಹೆಪ್ಪು ಹೆಪ್ಪಾಯಿತು. ಗಂಡನ ಕಾಲೇಜಿನವರು ಇಬ್ಬರು ಓ ಗುಂಪಿನವರು ಬಂದಿದ್ದರು, ಅವರದೂ ಹಾಗೇ. ಮೂರನೆಯ ದಿನ ರಕ್ತದ ವಿಭಾಗದ ಡಾಕ್ಟರಮ್ಮ ವಾರ್ಡಿಗೇ ಬಂದರು. ಮಗಳು ಕಣ್ಣು ಮುಚ್ಚಿ ಮಲಗಿದ್ದಳು.

"ರಕ್ತದ ಕಣದ ಮೈಮೇಲೆ ಪ್ರೋಟೀನು, ಕೊಬ್ಬು ಇರುತ್ತೆ. ಜೀವಕೋಶ ಅದಕ್ಕೆ ಒಂದರ ಮೇಲೊಂದು ಸಕ್ಕರೆ ಅಂಟಿಸುತ್ತೆ. ಎ, ಬಿ ಅನ್ನೋ ಗುಂಪಿನ ಗುರುತು ಅಂಥ ಸಕ್ಕರೆಗಳೇ. ಅವು ಕೂರೋಕೆ ಮೊದಲು ಅಡಿಯಲ್ಲಿ ಇನ್ನೊಂದು ಸಕ್ಕರೆ ಬೇಕು. ಈ ಮಗೂಗೆ ಅದನ್ನ ಅಂಟಿಸೋ ಶಕ್ತಿ ಹುಟ್ಟಿನಿಂದಲೇ ಇಲ್ಲ. ಗೋಡೇಲಿ ಗೂಟಾನೇ ಇಲ್ಲದಿದ್ರೆ ಅಂಗಿ ಎಲ್ಲಿ ನೇತುಹಾಕ್ತೀರಿ? ಅಪ್ಪ ಕೊಟ್ಟ ಅಂಗಿ ಇದೆ, ಗೂಟ ಇಲ್ಲ. ಅದಕ್ಕೇ ಓ ಥರ ಕಾಣುತ್ತೆ, ಆದ್ರೆ ಓ ಅಲ್ಲ. ಬಾಂಬೆ ಗುಂಪು ಅಂತಾರೆ."

"ಹಾಗಾದ್ರೆ ಏಬಿ ಅಪ್ಪನಿಗೆ..." ಎಂದು ಗಂಡ ಶುರುಮಾಡಿದರು.

"ಹುಟ್ಟಬಹುದು ರೀ. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಈ ಕೊರತೆ ಬಂದ್ರೇನೇ ಹೀಗಾಗೋದು. ನೀವು ಸಂಬಂಧದಲ್ಲೇ ಆಗಿರೋರಲ್ವಾ? ಆದ್ರೆ ವಿಷಯ ಅದಲ್ಲ. ಓ ರಕ್ತದಲ್ಲೂ ಆ ಅಡಿಯ ಸಕ್ಕರೆ ಇರುತ್ತೆ, ಮಗು ಮೈ ಅದನ್ನ ಒಪ್ಪಲ್ಲ, ಕೊಟ್ರೆ ಜೀವಕ್ಕೇ ಅಪಾಯ. ಇವಳಿಗೆ ಹೊಂದೋ ರಕ್ತ ನಮ್ಮ ಹತ್ರ ಒಂದು ಬಾಟಲಿಯೂ ಇಲ್ಲ. ರಕ್ತ ಸಿಗದೆ ಆಪರೇಷನ್ ಮಾಡೋಕಾಗಲ್ಲ, ಕೀವು ಮೈಗೆಲ್ಲಾ ಏರಿದ್ರೆ..."

ಅವರ ಮಾತು ಮುಗಿದಿರಲಿಲ್ಲ. ನಾನು ನಕ್ಕುಬಿಟ್ಟೆ. ಇಡೀ ವಾರ್ಡಿಗೆ ಕೇಳುವಂತೆ, ಬಾಯಿ ತುಂಬ ನಕ್ಕೆ. "ಕೇಳಿಸ್ಕಂಡ್ರಾ ಮಾವ? ಕೇಳಿಸ್ಕಂಡ್ಯೇನಜ್ಜಿ? ಅಪ್ಪ ಕೊಟ್ಟ ಅಂಗಿ ಐತಂತೆ!"

ಡಾಕ್ಟರಮ್ಮ ನನ್ನನ್ನು ನೋಡಿದ ನೋಟ ನೆನೆಸಿಕೊಂಡರೆ ಈಗಲೂ ನೆಲಕ್ಕಿಳಿದುಹೋಗುತ್ತೇನೆ. ಮಗು ಸಾಯಬಹುದು ಎಂದು ಅವರು ಹೇಳುತ್ತಿದ್ದರು. ನನ್ನ ಎದೆಯಲ್ಲಿ ಆ ಗಳಿಗೆಯಲ್ಲಿ ಇದ್ದದ್ದು ಬರೀ ಸಂತೋಷ. ನಾನು ಗೆದ್ದೆ ಎನ್ನುವ ಸಂತೋಷ. ಮಗಳ ನೆನಪು ಬಂದದ್ದು ಆಮೇಲೆ.

"ನಮ್ಮ ಪಾಠದಲ್ಲಿ ಇದು ಇರ್ಲಿಲ್ಲ ಕಣೇ" ಎಂದು ಗಂಡ ಗೋಡೆಯ ಕಡೆ ತಿರುಗಿ ಹೇಳಿದರು. ಪಾಪ ಎನ್ನಿಸಲಿಲ್ಲ.

ಮನೆಯವರೆಲ್ಲರ ರಕ್ತ ನೋಡಿದರು. ಕೊನೆಗೆ ಹೊಂದಿದ್ದು ಅಜ್ಜಿಯದು, ಅವಳದೂ ಬಾಂಬೆ ಗುಂಪೇ. "ನಾನು ಬಾಂಬೆ ದಿಕ್ಕೇ ಕಂಡೋಳಲ್ಲ ಕಣಮ್ಮಾ" ಎನ್ನುತ್ತಲೇ ಅಜ್ಜಿ ತೋಳು ಚಾಚಿದಳು. ಈ ವಯಸ್ಸಿನವರಿಂದ ತೆಗೆಯಬಾರದಿತ್ತು ಎಂದು ಡಾಕ್ಟರಮ್ಮ ಅಂದುಕೊಂಡೇ ತೆಗೆದರು. ಆಪರೇಷನ್ ಆಯಿತು, ಮಗಳು ಉಳಿದಳು.

ಊರಿಗೆ ಬಂದ ಮೇಲೆ ಒಂದು ಬೆಳಿಗ್ಗೆ ಜಗಲಿಯ ಮೇಲೆ ಅವಳಿಗೆ ತಲೆ ಬಾಚುತ್ತಿದ್ದೆ. ಪಟ್ಟಿ ಹಾಕಿದ ಕಾಲು ಚಾಚಿಕೊಂಡು ಕೂತಿದ್ದಳು.

"ಅಮ್ಮಾ, ಅವತ್ತು ನಂಗೆ ನಿದ್ದೆ ಬಂದಿರ್ಲಿಲ್ಲ. ರಕ್ತ ಸಿಗಲ್ಲ ಅಂತ ಡಾಕ್ಟ್ರಮ್ಮ ಅಂದ್ರಲ್ಲ, ನಾನು ಸತ್ತೋಯ್ತೀನಿ ಅಂತ ಭಯ ಆಯ್ತು. ಆಮೇಲೆ ನೀನು ನಕ್ಕೆ. ಅಮ್ಮ ನಗ್ತಾವ್ಳೆ ಅಂದ್ರೆ ಏನೂ ಆಗಲ್ಲ ಅಂತ ಸುಮ್ನೆ ಮಲ್ಕಂಡೆ."

ಬಾಚಣಿಗೆ ಅವಳ ಕೂದಲಲ್ಲೇ ನಿಂತಿತು.

"ಹೂಂ ಕಣೇ, ಅದಕ್ಕೇ ನಕ್ಕಿದ್ದು" ಅಂದೆ.

ಅವಳು ನಂಬಿದಳು. ಇವತ್ತಿಗೂ ನಂಬಿದ್ದಾಳೆ.