ಶಿವಪುತ್ರಪ್ಪ ತುಂಬದೆ ಬಿಟ್ಟ ಕಾಲಂ

ಮುಂಬಯಿ ಹತ್ತಿರದ ಡೊಂಬಿವಲಿಯ ಶಿವಪುತ್ರಪ್ಪ ಇಪ್ಪತ್ತೆಂಟು ವರ್ಷ ದಿನಾ ವಿಸ್ಕಿ ಬಾಯಿಗೆ ಹಾಕಿಕೊಂಡವರು, ಒಂದು ಹನಿಯನ್ನೂ ಕುಡಿದವರಲ್ಲ. ಇದನ್ನು ಅವರು ಯಾರ ಮುಂದೆಯೂ ಹೇಳಲು ಹೋಗುತ್ತಿರಲಿಲ್ಲ. ಹೇಳಿದರೆ ಮೊದಲರ್ಧವನ್ನು ಎಲ್ಲರೂ ನಂಬುತ್ತಿದ್ದರು, ಉಳಿದರ್ಧವನ್ನು ಯಾರೂ ನಂಬುತ್ತಿರಲಿಲ್ಲ.

ತಳೋಜದ ಒಂದು ಕಾರ್ಖಾನೆಯಲ್ಲಿ ಅವರು ರುಚಿ ನೋಡುವವರು. ಅಮೆರಿಕದಿಂದ ಡ್ರಮ್ಮುಗಳಲ್ಲಿ ಬರುವ ಬರ್ಬನ್ ವಿಸ್ಕಿಯನ್ನು ಅಲ್ಲಿ ಬೆರೆಸಿ ಬಾಟಲಿಗೆ ತುಂಬುತ್ತಾರೆ. ಗೋವಿನಜೋಳದಿಂದ ಬಟ್ಟಿ ಇಳಿಸಿ, ಒಳಗೆಲ್ಲ ಸುಟ್ಟ ಹೊಸ ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟ ಮಾಲು ಅದು. ಯಾವ ಡ್ರಮ್ಮು ಯಾವುದರ ಜೊತೆ ಕೂಡಬೇಕು, ಯಾವುದು ಕೂಡಲೇಬಾರದು ಎಂದು ಬರೆದು ಸಹಿ ಹಾಕುವುದು ಶಿವಪುತ್ರಪ್ಪನವರ ಕೆಲಸ.

ಜಮಖಂಡಿಯ ಕಡೆಯಿಂದ ಬಿಎಸ್ಸಿ ಮುಗಿಸಿ ಬಂದ ಹುಡುಗ ಶಿವಪುತ್ರಪ್ಪ ಮದುವೆಯ ಮಾತುಕತೆಯಲ್ಲಿ ತಾನು ಎಸೆನ್ಸ್ ಕಂಪನಿಯಲ್ಲಿದ್ದೇನೆ ಎಂದು ಹೇಳಿಸಿದ್ದ. ಮದುವೆಯಾಗಿ ಡೊಂಬಿವಲಿಗೆ ಬಂದ ಮಹಾದೇವಕ್ಕ ಮೂರನೇ ಸಂಜೆಯೇ ಬಾಗಿಲಲ್ಲಿ ಮೂಗಿಗೆ ಸೆರಗು ಹಿಡಿದರು. ಎರಡು ದಿನ ಮಾತಿಲ್ಲ, ಒಲೆ ಹಚ್ಚಲಿಲ್ಲ. ಮೂರನೇ ದಿನ ಗಂಡನನ್ನು ಕೂರಿಸಿಕೊಂಡು ತೀರ್ಪು ಕೊಟ್ಟರು.

"ಲಿಂಗ ಇರೂದು ಗಂಟಲ ಕೆಳಗ. ಗಂಟಲ ಮ್ಯಾಲೆ ನಿಮ್ಮ ನೌಕರಿ, ಗಂಟಲ ಕೆಳಗ ನಮ್ಮ ಮನಿ. ದಾಟಬಾರದು."

ಶಿವಪುತ್ರಪ್ಪ ದಾಟಲಿಲ್ಲ. ಬಾಯಿಗೆ ಹಾಕುವುದು, ನಾಲಿಗೆಯ ಮೇಲೆ ಹೊರಳಿಸುವುದು, ಉಗುಳುವುದು. ಕಾರ್ಖಾನೆಯ ಫಾರ್ಮಿನಲ್ಲಿ ನಾಲ್ಕು ಕಾಲಂ ಇದ್ದವು: ಬಣ್ಣ, ಮೂಗು, ನಾಲಿಗೆ, ನುಂಗಿದ ಮೇಲೆ. ಮೊದಲ ಮೂರನ್ನು ಇವರು ತುಂಬುತ್ತಿದ್ದರು. ನಾಲ್ಕನೆಯದನ್ನು ತುಂಬಲು ಸಹಾಯಕ ಮನೀಶ ಇದ್ದ. ಅವನು ಒಂದು ದಿನವೂ ರಜೆ ಹಾಕಿದವನಲ್ಲ.

ಬಾಯಿಮಾತಿನ ಭರವಸೆ ಮಹಾದೇವಕ್ಕನಿಗೆ ಸಾಲುತ್ತಿರಲಿಲ್ಲ. ದಿನಾ ಸಂಜೆ ನೀರಿನ ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಲ್ಲುವರು. "ಹಾ ಅನ್ರಿ" ಎನ್ನುವರು. ಇವರು ಹಾ ಅಂದಮೇಲೆ ಮೂಗು ಒಡ್ಡಿ ನೋಡಿ, ನಾಲಿಗೆಯ ಮೇಲಿನದಷ್ಟೇ ಎಂದು ಖಾತ್ರಿಯಾದರೆ ತಂಬಿಗೆ ಕೈಗೆ ಕೊಡುವರು. ಎದುರು ಮನೆಯ ಶ್ರದ್ಧಾ ಇದನ್ನು ಬಹಳ ವರ್ಷ ಪ್ರೀತಿ ಎಂದು ತಿಳಿದಿದ್ದಳು.

ಹೋದ ವರ್ಷ ಶ್ರಾವಣದಲ್ಲಿ ಶಿವಪುತ್ರಪ್ಪನವರಿಗೆ ಜ್ವರ ಬಂತು. ಜ್ವರ ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ನೆಗಡಿ ಇರಬೇಕು, ಬಿಡುತ್ತದೆ ಎಂದುಕೊಂಡರು. ಒಂದು ರವಿವಾರ ಮಹಾದೇವಕ್ಕ ಒಲೆಯ ಮೇಲೆ ಶೇಂಗಾ ಇಟ್ಟು ಬಾಲ್ಕನಿಯಲ್ಲಿ ಫೋನಿಗೆ ನಿಂತರು. ಶೇಂಗಾ ಕರಕಲಾಗಿ ಕೆಳಗಿನ ಮಹಡಿಯವರು ಮೇಲೆ ಬಂದರೂ ಹಾಲ್‌ನಲ್ಲಿ ಕೂತ ಶಿವಪುತ್ರಪ್ಪ ಪೇಪರ್ ಓದುತ್ತಲೇ ಇದ್ದರು.

"ನಿಮಗ ವಾಸನಿ ಬರೂದಿಲ್ಲ," ಎಂದರು ಮಹಾದೇವಕ್ಕ. ಅವರು ಕೇಳುತ್ತಿರಲಿಲ್ಲ, ಹೇಳುತ್ತಿದ್ದರು.

ನಿವೃತ್ತಿಗೆ ಒಂಬತ್ತು ತಿಂಗಳಿತ್ತು. ಅವರ ಸಹಿ ಬಿದ್ದ ಮಾಲು ಇದುವರೆಗೆ ಒಮ್ಮೆಯೂ ವಾಪಸು ಬಂದಿರಲಿಲ್ಲ. ಬದುಕಿನಲ್ಲಿ ಹೆಮ್ಮೆಪಡಲು ಅವರಲ್ಲಿ ಇದ್ದದ್ದು ಅದೊಂದೇ. ಆ ಸಹಿಯನ್ನು ಈಗ ಅಂದಾಜಿನ ಮೇಲೆ ಹಾಕಬೇಕಲ್ಲ ಎಂದು ಅವರಿಗೆ ನಿಜಕ್ಕೂ ಭಯವಾಗಿತ್ತು.

ಮರುದಿನ ಸಂಜೆ ಹೊಸ್ತಿಲಲ್ಲಿ ಹಾ ಅಂದಾಗ ಮಹಾದೇವಕ್ಕ ತಂಬಿಗೆ ಕೊಡದೆ ಕಣ್ಣು ಮುಚ್ಚಿದರು. ಇವತ್ತಿನದು ಹಳೆಯದು, ಬೆಲ್ಲದ ಪಾಕ ತಳ ಹಿಡಿದಿದೆ, ಹಿಂದೆ ಒಣ ಖರ್ಜೂರ, ಅದರ ಹಿಂದೆ ಅಜ್ಜಿಯ ಮರದ ಸಂದೂಕ ತೆಗೆದ ಹಾಗಿದೆ ಎಂದರು. ಹೋದ ವಾರದ್ದು ಇಷ್ಟು ಚಲೋ ಇರಲಿಲ್ಲವಂತೆ. ಶಿವಪುತ್ರಪ್ಪ ಬಾಯಿ ತೆರೆದವರು ಹಾಗೆಯೇ ನಿಂತರು. ಇಪ್ಪತ್ತೆಂಟು ವರ್ಷದ ಸಂಶಯ ಹೆಂಡತಿಯ ಮೂಗನ್ನು ಕಾರ್ಖಾನೆಯ ಯಾರ ಮೂಗಿಗೂ ಕಡಿಮೆಯಿಲ್ಲದಂತೆ ಪಳಗಿಸಿಬಿಟ್ಟಿತ್ತು.

ಅಂದಿನಿಂದ ಕೆಲಸ ಹೀಗೆ ಸಾಗಿತು. ಹೊರಡುವ ಹೊತ್ತಿಗೆ ಕೊನೆಯ ಗುಟುಕು ಬಾಯಿಗೆ ಹಾಕಿ ಉಗುಳುವುದು, ತಳೋಜದಿಂದ ದಿವಾ, ದಿವಾದಿಂದ ಡೊಂಬಿವಲಿ, ವಾಸನೆ ಬಾಯಲ್ಲೇ ಉಳಿಯಲೆಂದು ದಾರಿಯುದ್ದಕ್ಕೂ ನೀರಿಲ್ಲ, ಮಾತಿಲ್ಲ. ಲೋಕಲ್ ಗಾಡಿಯ ಗೆಳೆಯರು ಇವರಿಗೆ ಸೊಕ್ಕು ಬಂದಿದೆ ಎಂದುಕೊಂಡರು. ಮನೆಯಲ್ಲಿ ಕೇಳಿದ್ದನ್ನು ಬೆಳಿಗ್ಗೆ ಇಂಗ್ಲಿಷಿನಲ್ಲಿ ಫಾರ್ಮಿಗೆ ಇಳಿಸುವುದು. ಪಾಕ ಕ್ಯಾರಮೆಲ್ ಆಗುತ್ತಿತ್ತು, ಸಂದೂಕ ಓಕ್ ಆಗುತ್ತಿತ್ತು. ಮ್ಯಾನೇಜರ್ ಯಶ್ವಂತ್, ಶಿವಪುತ್ರಪ್ಪ ಈಗ ಒಂದು ರಾತ್ರಿ ಯೋಚಿಸಿಯೇ ಬರೆಯುತ್ತಾರೆ ಎಂದು ಮೀಟಿಂಗಿನಲ್ಲಿ ಹೊಗಳಿದರು.

ಮಾರ್ಚಿನಲ್ಲಿ ದೊಡ್ಡ ಮಾಲು ಬಂತು. ನಾಲ್ಕು ಡ್ರಮ್ಮು ಬೆರೆಸಿ ದುಬಾರಿ ಬಾಟಲಿ ಮಾಡುವುದಿತ್ತು. ನಾಲ್ಕಕ್ಕೂ ಹನ್ನೆರಡು ವರ್ಷ ವಯಸ್ಸು ಎಂದು ಕಾಗದ ಹೇಳುತ್ತಿತ್ತು. ನಾಲ್ಕನ್ನು ಒಂದೇ ಬಾಯಲ್ಲಿ ಒಯ್ಯುವಂತಿಲ್ಲ, ಶೆರೆಯ ಹನಿಯನ್ನೂ ಮನೆಯೊಳಗೆ ತರುವಂತಿಲ್ಲ. ನಾಲ್ಕು ಕರವಸ್ತ್ರ ಅದ್ದಿ, ನಾಲ್ಕು ಅಂತಸ್ತಿನ ಟಿಫಿನ್ ಕ್ಯಾರಿಯರಿನಲ್ಲಿ ಇಟ್ಟುಕೊಂಡು ಬಂದರು. ಮಹಾದೇವಕ್ಕ ಸ್ಟೇಷನ್ನಿಗೇ ಬಂದು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದರು. ಒಂದೊಂದೇ ಡಬ್ಬಿ ತೆಗೆದು ಮೂಸತೊಡಗಿದರು. ಪಕ್ಕದಲ್ಲಿ ಕೂತ ಹೆಂಗಸು ಕನಿಕರದಿಂದ, ಅನ್ನ ಹಳಸಿದ್ದರೆ ಚೆಲ್ಲಿಬಿಡಿ ಎಂದು ಮರಾಠಿಯಲ್ಲಿ ಹೇಳಿದಳು.

ಮೂರನೇ ಡಬ್ಬಿಗೆ ಮಹಾದೇವಕ್ಕ ಎರಡು ಸಲ ಬಗ್ಗಿದರು.

"ಇದು ವಯಸ್ಸಿನ ಸುಳ್ಳು ಹೇಳತೈತಿ. ಮ್ಯಾಲೆ ಮುದುಕನ ವೇಷ, ಒಳಗ ಹಸಿ ಗೋವಿನಜೋಳ."

ಶಿವಪುತ್ರಪ್ಪ ಮೂರನೆಯದು ಬೇಡ ಎಂದು ಬರೆದು ಸಹಿ ಹಾಕಿದರು. ಮಾಲು ಕಳಿಸಿದವರು ರೇಗಿದರು. ಮಾದರಿ ಹೊರಗಿನ ಪ್ರಯೋಗಾಲಯಕ್ಕೆ ಹೋಯಿತು. ಮೂರು ವಾರದ ಮೇಲೆ ಉತ್ತರ ಬಂತು: ಮೂರನೆಯದರಲ್ಲಿ ಎಳೆಯ ಮಾಲು ಬೆರೆತಿತ್ತು. ಯಶ್ವಂತ್ ಪೇಢೆ ತರಿಸಿ ಹಂಚಿದರು. ನಿವೃತ್ತಿ ಬೇಡ, ಇನ್ನೂ ಎರಡು ವರ್ಷ ಇರಿ ಎಂದು ಕಾಗದ ಮುಂದಿಟ್ಟರು.

ಆ ಕಾಗದಕ್ಕೆ ಸಹಿ ಹಾಕಲು ಶಿವಪುತ್ರಪ್ಪನವರಿಗೆ ಕೈ ಬರಲಿಲ್ಲ. ಶ್ರಾವಣದಿಂದ ತನಗೆ ವಾಸನೆಯೇ ಇಲ್ಲ ಎಂದು ಹೇಳಿಬಿಟ್ಟರು. ಹಾಗಾದರೆ ಮೂರನೆಯದನ್ನು ಹಿಡಿದದ್ದು ಯಾರು ಎಂದು ಯಶ್ವಂತ್ ಕೇಳಿದರು. ಮನೆಯವಳು ಎಂದರು ಇವರು. ಯಶ್ವಂತ್ ಮುಂದಿಟ್ಟ ಕಾಗದವನ್ನು ಹಿಂದಕ್ಕೆ ಎಳೆದುಕೊಂಡರು. ಆಮೇಲೆ, ಅವರು ಕೆಲಸಕ್ಕೆ ಬರುತ್ತಾರೇನು ಕೇಳಿ ಎಂದರು.

ಶಿವಪುತ್ರಪ್ಪ ಕೇಳಿದರು. ಶೆರೆ ಅಂಗಡಿಯಲ್ಲಿ ದುಡಿಯುವ ಗತಿ ತನಗೆ ಬಂದಿಲ್ಲ ಎಂದು ಮಹಾದೇವಕ್ಕ ಉತ್ತರ ಕಳಿಸಿದರು.

ಮೇ ಕೊನೆಯ ದಿನ, ಶಿವಪುತ್ರಪ್ಪನವರ ನಿವೃತ್ತಿಯಂದೇ, ಆ ಬರ್ಬನ್ ಮೂರೇ ಡ್ರಮ್ಮು ಬೆರೆತು ತಯಾರಾಯಿತು. ಹೊಸದಾಗಿ ಮೂಗಿನ ಹೊಣೆ ಹೊತ್ತ ಮನೀಶ ಫಾರ್ಮಿನ ಮೂರು ಕಾಲಂ ತುಂಬಿ, ನಾಲ್ಕನೆಯದನ್ನು ಮರ್ಯಾದೆಗೆಂದು ಸಾಹೇಬರಿಗೆ ಬಿಟ್ಟಿದ್ದ. ನುಂಗಿದ ಮೇಲೆ. ಶಿವಪುತ್ರಪ್ಪ ಗ್ಲಾಸು ಹಿಡಿದು ನಿಂತರು. ಮೂಗು ಕೈಕೊಟ್ಟಿದೆ, ಗಂಟಲಾದರೂ ಏನಾದರೂ ಹೇಳೀತು ಎಂದು ಆಸೆಯಾಯಿತು. ನುಂಗಿದರು. ಎದೆಯಲ್ಲಿ ಬೆಚ್ಚಗಾಯಿತು, ಬಿಸಿ ಚಹಾ ಕುಡಿದರೂ ಅಷ್ಟೇ ಆಗುತ್ತದೆ. ಕಾಲಂ ಖಾಲಿ ಬಿಟ್ಟು, ಹಾರ ಹಾಕಿಸಿಕೊಂಡು ಗಾಡಿ ಹತ್ತಿದರು.

ಹೊಸ್ತಿಲಲ್ಲಿ ಮಹಾದೇವಕ್ಕ ತಂಬಿಗೆ ಹಿಡಿದು ನಿಂತಿದ್ದರು. ಹಾ ಅನ್ನಿಸಿದರು. ತಂಬಿಗೆ ಮುಂದೆ ಬರಲಿಲ್ಲ.

"ನುಂಗೀರಿ."

"ಹೂಂ."

ಶಿವಪುತ್ರಪ್ಪ ಚಪ್ಪಲಿ ಬಿಡದೆ ಹೊರಗೇ ನಿಂತಿದ್ದರು.

"ಹೆಂಗಿತ್ತು?" ಎಂದರು ಮಹಾದೇವಕ್ಕ.

"ಗೊತ್ತಾಗಲಿಲ್ಲ. ಬೆಚ್ಚಗಾತು, ಅಷ್ಟ." ಅವರಿಗೆ ಅಳು ಬಂದಿತ್ತು, ಅದನ್ನು ಅಡಗಿಸಲೂ ಇಲ್ಲ.

ಮಹಾದೇವಕ್ಕ ತಂಬಿಗೆ ಕೆಳಗಿಟ್ಟು, ಹೊಸ್ತಿಲು ದಾಟಿ ಹತ್ತಿರ ಬಂದರು.

"ಇನ್ನೊಮ್ಮೆ ಹಾ ಅನ್ರಿ," ಎಂದರು. "ಹೇಳತೀನಿ."