ಉಪ್ಪಿನ ಗೋಡೆ

ಹಳೆಯ ಗಾರೆ ಕೆಡವುವಾಗ ಏಳುವ ವಾಸನೆ ನಿಮಗೂ ಗೊತ್ತಿರಬಹುದು. ಹಸಿಮಣ್ಣು, ಸುಣ್ಣ, ಕೊಳೆತ ಹುಲ್ಲು ಸೇರಿದ ತಣ್ಣನೆಯ ವಾಸನೆ. ಮೊನ್ನೆ ಪಕ್ಕದ ಮನೆಯವರು ಬಚ್ಚಲ ಗೋಡೆಯ ಗಾರೆ ಕೀಳಿಸುತ್ತಿದ್ದರು. ಉಳಿಯ ಏಟು ಬೆಳಿಗ್ಗೆಯಿಂದಲೂ ಕೇಳುತ್ತಿತ್ತು, ನಾನೇನೂ ಗಮನ ಕೊಟ್ಟಿರಲಿಲ್ಲ. ಮಧ್ಯಾಹ್ನ ಗಾಳಿ ಈಚೆ ತಿರುಗಿ ಆ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಒಲೆ ಆರಿಸಿ ಹೊರಗೆ ಹೋಗಿ ನಿಂತುಬಿಟ್ಟೆ. ನನ್ನ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲವು ಮನೆಗಳು ಬಿದ್ದುಹೋಗಿ ಎಷ್ಟು ಕಾಲವಾದರೂ ಮೂಗಿನಲ್ಲಿ ಉಳಿದಿರುತ್ತವೆ.

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಕಾಲ ಅದು. ಕುಶಾಲನಗರವನ್ನು ನಮ್ಮವರೆಲ್ಲ ಫ್ರೇಜರ್‌ಪೇಟೆ ಅನ್ನುತ್ತಿದ್ದರು. ಹೊಳೆಯ ಸೇತುವೆ ದಾಟಿದರೆ ಮೈಸೂರು ರಾಜ್ಯ. ಪೇಟೆಯಿಂದ ದುಬಾರೆಯ ಕಡೆ ಹೋಗುವ ಗಾಡಿದಾರಿಯಲ್ಲಿ ನಮ್ಮ ಮನೆ. ನಮ್ಮದೆಂದರೆ ದೊಡ್ಡಪ್ಪನದು. ಅರಕಲಗೂಡಿನ ಕಡೆ ತಮ್ಮ ಪಾಲಿಗೆ ಬಂದಿದ್ದ ಹೊಲ ಮಾರಿ, ಇಲ್ಲಿ ಗದ್ದೆಯ ಜೊತೆಗೆ ಈ ಮನೆಯನ್ನೂ ಕೊಂಡಿದ್ದರು. ನನ್ನನ್ನು ಹೆತ್ತ ಬಾಣಂತನದಲ್ಲೇ ಅವ್ವ ತೀರಿಕೊಂಡಿದ್ದಳು. ಅಪ್ಪ ಸುಂಟಿಕೊಪ್ಪದಾಚೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು, ಯಾವಾಗಲೋ ಒಮ್ಮೆ ಬಂದು ನನ್ನ ತಲೆ ಸವರಿ ಹೋಗುವವರು. ನನ್ನನ್ನು ಎತ್ತಿ ಆಡಿಸಿದವಳು, ಬೈದವಳು, ಉಣಿಸಿದವಳು ದೊಡ್ಡಮ್ಮ. ಅವಳ ಸೆರಗಿನಲ್ಲಿ ಸದಾ ಹೊಗೆಯ ವಾಸನೆ, ಹುರಿದ ರಾಗಿಯ ವಾಸನೆ. ಅವಳ ಮಗ ಸೋಮು ನನಗಿಂತ ಚಿಕ್ಕವನು. ಸೋಮುವಿಗಿಂತ ಮೊದಲು ಲಚ್ಚಿ ಅಂತ ಒಬ್ಬಳು ಹುಟ್ಟಿದ್ದಳಂತೆ. ಕೆಮ್ಮಿ ಕೆಮ್ಮಿ, ಒಂದು ಮಳೆಗಾಲ ಕಳೆಯುವ ಮೊದಲೇ ಹೋಗಿಬಿಟ್ಟಳಂತೆ. ಅವಳು ಮಲಗುತ್ತಿದ್ದ ಒಳಕೋಣೆಯಲ್ಲೇ ನಾವೂ ಮಲಗುತ್ತಿದ್ದೆವು.

ಆ ಮನೆಯ ಗೋಡೆಗಳು ಮಣ್ಣಿನವು, ಬಾಗಿಲಲ್ಲಿ ನಿಂತು ಕೈ ಚಾಚಿದರೂ ನಾನು ಆಚೆಯ ಅಂಚು ಮುಟ್ಟಲಾರದಷ್ಟು ದಪ್ಪ. ಕಿಟಕಿಗಳು ಸೂರಿನ ಹತ್ತಿರ, ಗೂಡಿನಂತೆ ಚಿಕ್ಕವು. ಯಾಕೆ ಇಷ್ಟು ಮೇಲಿವೆ ಎಂದು ನಾನೊಮ್ಮೆ ಕೇಳಿದಾಗ, "ಆಗ ಕಳ್ಳರ ಕಾಟ ಇತ್ತು ಕಣವ್ವ" ಎಂದಿದ್ದರು ದೊಡ್ಡಪ್ಪ. ಒಳಕೋಣೆಯ ಗೋಡೆ ಬೇಸಿಗೆಯಲ್ಲೂ ಒದ್ದೆ. ಮಳೆ ಬರುವ ಎಷ್ಟೋ ಮೊದಲೇ ಅದಕ್ಕೆ ಸುಳಿವು ಸಿಕ್ಕಿದಂತೆ ಬೆವರುತ್ತಿತ್ತು. ಗಾರೆ ಉಬ್ಬಿ, ಬಿರಿದು, ಚಕ್ಕೆ ಚಕ್ಕೆಯಾಗಿ ನಮ್ಮ ಹಾಸಿಗೆಯ ಮೇಲೆ ಉದುರುತ್ತಿತ್ತು. ಯುಗಾದಿಗೆ ದೊಡ್ಡಪ್ಪ ತಾವೇ ನಿಂತು ಸುಣ್ಣ ಬಳಿಸುವರು. ಕೋಣೆ ಬೆಳ್ಳಗಾಗುವುದು. ಸ್ವಲ್ಪ ದಿನಕ್ಕೆ ನೆಲದ ಹತ್ತಿರ ಹಳದಿ ಕಲೆ ಮೂಡಿ, ಮೆಲ್ಲಗೆ ಮೇಲೇರಿ, ನನ್ನ ಸೊಂಟದವರೆಗೆ, ಆಮೇಲೆ ಭುಜದವರೆಗೆ ಬರುವುದು. ನಾನೂ ಸೋಮುವೂ ಆ ಕಲೆಗಳಲ್ಲಿ ಹಂದಿ, ಆಮೆ, ಮುದುಕಿಯ ಮುಖ ಹುಡುಕುತ್ತಿದ್ದೆವು. ದೊಡ್ಡಮ್ಮ ಮಾತ್ರ ಆ ಕಡೆ ನೋಡಿದರೆ ನಮ್ಮನ್ನು ಗದರುತ್ತಿದ್ದಳು.

ಆ ವರ್ಷ ಸೋಮುವಿಗೆ ಕೆಮ್ಮು ಹತ್ತಿತು. ಮೊದಲು ಸಾಧಾರಣ ಕೆಮ್ಮು, ಆಮೇಲೆ ಎದೆಯೊಳಗೆ ಗೊರಗೊರ ಸದ್ದು. ಆ ಸದ್ದು ಕೇಳಿದ ದಿನ ದೊಡ್ಡಮ್ಮನ ಮುಖದ ರಕ್ತ ಇಳಿದುಹೋದದ್ದನ್ನು ಕಣ್ಣಾರೆ ನೋಡಿದೆ. ಮಾರನೆಯ ಬೆಳಿಗ್ಗೆ ದೊಡ್ಡಪ್ಪ ಗದ್ದೆಗೆ ಹೋದ ಮೇಲೆ, ಅವಳು ಸವೆದ ಕುಡುಗೋಲೊಂದನ್ನು ತಂದು, ಹಾಸಿಗೆಗಳನ್ನು ಹೊರಗೆ ಎಸೆದು, ಗಾರೆ ಕೆರೆಯತೊಡಗಿದಳು. ಹೊರಪದರ ಸುಲಭವಾಗಿ ಬಂತು. ಅದರ ಕೆಳಗೆ ಸುಣ್ಣದ ಪದರದ ಮೇಲೆ ಪದರ, ಒಂದು ನೀಲಿ, ಒಂದು ಕಾವಿ, ನಮಗಿಂತ ಮೊದಲಿದ್ದ ಯಾರೋ ಬಳಿದದ್ದು. ಅವರೂ ನಮ್ಮ ಹಾಗೆಯೇ ಮುಚ್ಚಿ ಮುಚ್ಚಿ ಸೋತಿದ್ದರು. ಆ ಪದರಗಳ ಕೆಳಗೆ ಕಪ್ಪು ಮಣ್ಣು, ಅದರ ಮೇಲೆ ಬೂಷ್ಟಿನ ಹಾಗೆ ಬಿಳಿಯ ನವಿರು. ಕೋಣೆಯ ತುಂಬ ಆ ವಾಸನೆ ಎದ್ದಿತು. ದೊಡ್ಡಪ್ಪ ಊಟಕ್ಕೆ ಬಂದು ಬಾಗಿಲಲ್ಲೇ ನಿಂತರು.

"ಏನೇ ಇದು? ತಲೆ ಗಿಲೆ ಕೆಟ್ಟೈತಾ ನಿಂಗೆ?"

"ಇದ್ರ ಹೊಟ್ಟೇಲಿ ಏನೈತೆ ಅಂತ ನೋಡ್ತಿದೀನಿ," ಎಂದಳು ತಿರುಗದೆಯೇ. "ಒಂದು ಮಗೀನ ತಿಂದೈತೆ. ಇನ್ನೊಂದು ಕೊಡಾಕಿಲ್ಲ ನಾನು."

ದೊಡ್ಡಪ್ಪ ಜೋರಿನ ಮನುಷ್ಯ. ಆದರೆ ಆವತ್ತು ಉಣ್ಣದೆ ಗದ್ದೆಗೆ ಹೊರಟುಹೋದರು. ಅದು ನನಗೆ ಬೈಗುಳಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಅವಳು ಕೆರೆಯುವುದನ್ನು ನಿಲ್ಲಿಸಲಿಲ್ಲ. ಅಡುಗೆ ಮುಗಿಸಿ ಕುಡುಗೋಲು ಹಿಡಿದರೆ ಬೆಳಕು ಇರುವವರೆಗೂ ಅದೇ. ಕೂದಲು, ಹುಬ್ಬು ಎಲ್ಲ ಬೆಳ್ಳಗಾಗಿ, ಬೇರೆ ಯಾರೋ ಮುದುಕಿಯ ಹಾಗೆ ಕಾಣುತ್ತಿದ್ದಳು. ಬೆರಳುಗಳು ಬಿರಿದು ಉರಿಯುತ್ತಿದ್ದವು. ಒಂದು ಮಧ್ಯಾಹ್ನ ಗಾಯದ ಬೆರಳನ್ನು ಬಾಯಿಗಿಟ್ಟುಕೊಂಡವಳು ಹಾಗೇ ನಿಂತುಬಿಟ್ಟಳು. ಗೋಡೆಯ ಬಿಳಿ ನವಿರನ್ನು ತೆಗೆದು ನನ್ನ ನಾಲಗೆಗೂ ಹಚ್ಚಿದಳು. ಉಪ್ಪು. ಕಹಿ ಬೆರೆತ ಉಪ್ಪು.

ಆ ವಾರ ಒಣಮೀನಿನ ಮಮ್ಮದ್ ಕಾಕ ಬಂದ. ಮಲಬಾರಿನಿಂದ ಮಾಕುಟ್ಟದ ಘಾಟಿ ಹತ್ತಿ ಬರುವ ಸರಕನ್ನು ಪೇಟೆಯಲ್ಲಿ ಕೊಂಡು ಹಳ್ಳಿಹಳ್ಳಿ ಮಾರುವವನು, ನಮ್ಮ ಜಗಲಿಯಲ್ಲಿ ಕುಕ್ಕೆ ಇಳಿಸಿ ನೀರು ಕುಡಿದೇ ಮುಂದೆ ಹೋಗುತ್ತಿದ್ದ. ಕಿತ್ತ ಗಾರೆಯ ರಾಶಿ ನೋಡಿ ನಕ್ಕ.

"ಎಂಥದಮ್ಮಾ, ಗೋಡೆ ಕೆರ್ದ್ರೆ ಉಪ್ಪು ಹೋಗ್ತದಾ? ಇದು ಪಳೇ ಉಪ್ಪಿನ ಗೋಡೌನಲ್ವಾ. ನನ್ನ ಬಾಪ್ಪ ಇಲ್ಲೇ ಗಾಡಿ ಇಳಿಸ್ತಿದ್ದದ್ದು. ಸೂರಿನ ತನಕ ಉಪ್ಪಿನ ಮೂಟೆ. ಉಪ್ಪು ಕುಡಿದ ಗೋಡೆ ನೀರು ಎಳೀತಾನೇ ಇರ್ತದೆ. ಯಜಮಾನ್ರಿಗೆ ಗೊತ್ತುಂಟಲ್ಲ, ಮಾರಿದೋರು ಹೇಳಿಯೇ ಮಾರಿದ್ದು."

ಅವನು ಹೋದ ಮೇಲೂ ದೊಡ್ಡಮ್ಮ ಜಗಲಿಯಿಂದ ಏಳಲಿಲ್ಲ. ಸಂಜೆ ದೊಡ್ಡಪ್ಪ ನೇಗಿಲು ಇಳಿಸುವಾಗ ಕೇಳಿದಳು, "ನಿಮ್ಗೆ ಗೊತ್ತಿತ್ತಾ?"

ಅವರು ಎತ್ತಿನ ಕೊರಳು ಸವರಿದರು. "ಗೊತ್ತಿತ್ತು. ಗದ್ದೆ ಚೆನ್ನಾಗಿತ್ತು. ಸುಣ್ಣ ಹೊಡುದ್ರೆ ಸರಿಹೋಗ್ತದೆ ಅಂದ್ಕಂಡೆ."

"ಲಚ್ಚಿ ಕೆಮ್ಮುವಾಗ್ಲೂ ಗೊತ್ತಿತ್ತಾ?"

ಅವರು ಎತ್ತುಗಳನ್ನು ಕೊಟ್ಟಿಗೆಗೆ ಹೊಡೆದುಕೊಂಡು ಹೋದರು. ದೊಡ್ಡಮ್ಮ ಅಳಲಿಲ್ಲ, ಕೂಗಾಡಲೂ ಇಲ್ಲ. ನಮ್ಮ ಚಾಪೆಗಳನ್ನು ಅಡುಗೆಮನೆಯ ಒಲೆಯ ಪಕ್ಕಕ್ಕೆ ತಂದು ಹಾಸಿದಳು. ಅಲ್ಲಿಂದಾಚೆ ಆ ಮನೆಯಲ್ಲಿ ಮಾತು ನಿಂತುಹೋಯಿತು. ಅನ್ನ ಬಡಿಸುವ ಸದ್ದು, ಸೋಮುವಿನ ಕೆಮ್ಮು, ಅಷ್ಟೇ.

ದೊಡ್ಡಪ್ಪ ಪೇಟೆಯಿಂದ ಸಿಮೆಂಟು ತರಿಸಿದರು. ಆಗಿನ್ನೂ ಅದು ದೊಡ್ಡವರ ಮನೆಗಳಲ್ಲಿ ಮಾತ್ರ ಕಾಣುತ್ತಿದ್ದ ವಸ್ತು. ಕೆಲಸದವರೊಂದಿಗೆ ತಾವೂ ಮೊಣಕೈವರೆಗೆ ಮೆತ್ತಿಕೊಂಡು, ದೊಡ್ಡಮ್ಮ ಬೆತ್ತಲಾಗಿಸಿದ ಗೋಡೆಗೆ ದಪ್ಪನಾಗಿ ಗಾರೆ ಹಾಕಿಸಿದರು. ಗೋಡೆ ಕಲ್ಲಿನಂತೆ ಗಟ್ಟಿಯಾಯಿತು, ನುಣುಪಾಯಿತು. ಬೆವರು ನಿಂತಿತು. ವಾಸನೆಯೂ ಹೋಯಿತು. "ಬಾ, ಮುಟ್ಟಿ ನೋಡು" ಎಂದು ನನ್ನನ್ನು ಕರೆದರು, ಅವಳಿಗೆ ಕೇಳಿಸಲೆಂದೇ. ಮುಟ್ಟಿದೆ. ಒಣಗಿತ್ತು, ಆದರೆ ತಣ್ಣಗಿತ್ತು. ಆ ಕೋಣೆಯಲ್ಲಿ ಅವರೊಬ್ಬರೇ ಮಲಗತೊಡಗಿದರು. ದೊಡ್ಡಮ್ಮ ಹೊಸಿಲು ದಾಟಲಿಲ್ಲ.

ಮಳೆ ಹಿಡಿಯಿತು. ಹೊಳೆ ಕೆಂಪಾಗಿ ಏರಿತು, ದಾರಿ ಕೆಸರಾಯಿತು, ಅಪ್ಪ ಬರುವುದು ನಿಂತಿತು. ಒಳಕೋಣೆಯ ಗೋಡೆ ಮಾತ್ರ ಒಣಗಿಯೇ ಇತ್ತು. ಅದರ ಸುದ್ದಿ ಹೇಳಲು ದೊಡ್ಡಪ್ಪನಿಗೆ ಬಾಯಿ ತುರಿಸುತ್ತಿತ್ತು, ಕೇಳುವವರಿರಲಿಲ್ಲ. ಒಂದು ದಿನ ಬೆಳಗಿನ ಗಂಜಿಯ ಹೊತ್ತಿಗೆ ಒಳಗಿನಿಂದ ಸಣ್ಣ ಸದ್ದು ಬಂತು, ಯಾರೋ ಒದ್ದೆ ಬಟ್ಟೆಯನ್ನು ಮೆಲ್ಲಗೆ ಹಿಂಡಿದ ಹಾಗೆ. ದೊಡ್ಡಮ್ಮ ತಟ್ಟೆ ಕೆಳಗಿಟ್ಟಳು. ಅಷ್ಟು ತಿಂಗಳ ಮೇಲೆ ಮೊದಲ ಸಲ ಆ ಕೋಣೆಗೆ ಹೋಗಿ, ಬಗ್ಗಿ, ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದಳು. ಮೇಲೆ ಗಟ್ಟಿ ಸದ್ದು. ಕೆಳಗೆ ಬರುತ್ತಾ ಬರುತ್ತಾ ಟೊಳ್ಳು.

"ನೋಡಿ," ಎಂದಳು ಗಂಡನಿಗೆ, ತಿಂಗಳುಗಳ ಮೌನ ಮುರಿದು. "ಇದು ಹೊಟ್ಟೆ ಬಿಟ್ಟೈತೆ. ಕಿತ್ತು ನೋಡುಮ."

ದೊಡ್ಡಪ್ಪ ಹಾರೆ ತಂದರು. ಮೊದಲ ಏಟಿಗೇ ಸಿಮೆಂಟಿನ ಹಲಗೆಯೊಂದು ಇಡಿಯಾಗಿ ಕಳಚಿ ಬಿತ್ತು. ಅದರ ಹಿಂದೆ ಗೋಡೆಯೇ ಇರಲಿಲ್ಲ, ಅನ್ನಬೇಕು. ಹೊರಬರಲು ದಾರಿ ಸಿಗದ ನೀರೆಲ್ಲ ಒಳಗೇ ಕೂತು, ಮಣ್ಣು ಮುದ್ದೆಯಾಗಿತ್ತು. ದೊಡ್ಡಮ್ಮ ಕೈ ಒತ್ತಿದಳು. ಮಣಿಕಟ್ಟಿನವರೆಗೆ ಒಳಗೆ ಹೋಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ನೋಟ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅದರಲ್ಲಿ ಸಿಟ್ಟಿರಲಿಲ್ಲ.

"ಮಕ್ಕಳನ್ನ ಕರ್ಕಂಡು ಹೊರಗೆ ನಡಿ," ಎಂದರು ದೊಡ್ಡಪ್ಪ. "ದನ ಬಿಚ್ಚಿಬಿಟ್ಟು ಬತ್ತೀನಿ."

ಕೊಟ್ಟಿಗೆ ಆ ಗೋಡೆಯ ಆಚೆ ಬದಿಗೇ ಇತ್ತು. ನಾವು ಅಂಗಳದ ಕೊನೆಯ ಹಲಸಿನ ಮರದಡಿ ನಿಂತೆವು. ಎತ್ತುಗಳು ಒಂದೊಂದಾಗಿ ಹೊರಬಂದವು, ಹಸು ಬಂತು. ಕರು ಬರಲಿಲ್ಲ. ದೊಡ್ಡಮ್ಮ "ಬಿಡಿ, ಬನ್ನಿ!" ಎಂದು ಕೂಗಿದಳು. ಆಗ ಗೋಡೆ ಕೂತಿತು. ದೊಡ್ಡ ಸದ್ದೇನೂ ಇಲ್ಲ, ಮೂಟೆ ಇಳಿಸಿದ ಹಾಗೆ. ಅದರ ಹಿಂದೆಯೇ ಹೆಂಚಿನ ಮಾಡು ಜಾರಿತು. ಗದ್ದೆಯ ಆಳುಗಳು ಓಡಿ ಬರುವ ಮೊದಲೇ ದೊಡ್ಡಮ್ಮ ಬರಿಗೈಯಲ್ಲಿ ಮಣ್ಣು ಬಗೆಯುತ್ತಿದ್ದಳು. ದೊಡ್ಡಪ್ಪನನ್ನು ಹೊರಗೆಳೆದಾಗ ಉಸಿರಿತ್ತು. ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿದರು. ಅವರು ದೊಡ್ಡಮ್ಮನ ಕಡೆ ನೋಡಿ, "ಸೋಮುನ್ನ ಒಣ ಜಾಗದಲ್ಲಿ ಬೆಳಸು" ಎಂದರು. ಅವಳು ಅವರ ಬಾಯಿಯ ಮಣ್ಣನ್ನು ಸೆರಗಿನಿಂದ ಒರೆಸಿದಳು. ಪೇಟೆಯ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು.

ಅಪ್ಪ ಬಂದು ನಮ್ಮೆಲ್ಲರನ್ನೂ ಎಸ್ಟೇಟಿಗೆ ಕರೆದೊಯ್ದರು. ಕೂಲಿಯವರ ಲೈನ್ ಮನೆಗಳ ಪಕ್ಕದಲ್ಲಿ, ದಿಬ್ಬದ ಮೇಲೆ ಎರಡು ಕೋಣೆಯ ಕಲ್ಲಿನ ಮನೆ. ದೊಡ್ಡಮ್ಮ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಹೋದಳು. ಸೋಮುವಿನ ಕೆಮ್ಮು ಆ ಚಳಿಗಾಲ ಕಳೆಯುವಷ್ಟರಲ್ಲಿ ನಿಂತಿತು. ಅವನು ಗಟ್ಟಿಮುಟ್ಟಾಗಿ ಬೆಳೆದ, ದೊಡ್ಡಪ್ಪನ ಎತ್ತರ, ದೊಡ್ಡಪ್ಪನದೇ ಜೋರು ದನಿ. ಗದ್ದೆ ಬೇರೆಯವರ ಕೈಗೆ ಹೋಯಿತು. ನನ್ನ ಮದುವೆಯ ಮುಂಚೆ ಒಮ್ಮೆ ದೊಡ್ಡಮ್ಮ ನನ್ನನ್ನು ಕರೆದುಕೊಂಡು ಆ ಜಾಗ ನೋಡಲು ಹೋದಳು. ಹೆಂಚು, ತೊಲೆ ಯಾರೋ ಒಯ್ದಿದ್ದರು. ಗೋಡೆಗಳೆಲ್ಲ ಕರಗಿ ಒಂದು ದಿಬ್ಬ ಉಳಿದಿತ್ತು, ಅದರ ಮೇಲೆ ಒಂದು ಹುಲ್ಲುಗರಿಯೂ ಬೆಳೆದಿರಲಿಲ್ಲ. ಊರಿನ ದನಗಳು ಸುತ್ತ ನಿಂತು, ಕಣ್ಣು ಅರೆಮುಚ್ಚಿ, ಆ ಮಣ್ಣನ್ನು ನೆಕ್ಕುತ್ತಿದ್ದವು. ಓಡಿಸಲೆಂದು ನಾನು ಕಡ್ಡಿ ಎತ್ತಿಕೊಂಡೆ. ದೊಡ್ಡಮ್ಮ ನನ್ನ ಕೈ ಹಿಡಿದಳು.

"ಬಿಡವ್ವ, ನೆಕ್ಲಿ," ಎಂದಳು. "ಮುಗೀಲಿ ಅತ್ಲಾಗೆ."

ದನಗಳು ಮನೆಯ ಕಡೆ ತಿರುಗುವವರೆಗೂ ಅವಳು ಅಲ್ಲೇ ನಿಂತಿದ್ದಳು. ನಾನೂ ನಿಂತಿದ್ದೆ.