ಬೇವಿನ ಕೊಂಬೆಯ ಕಂಬಳಿ

೧೯೮೯ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ತರಗತಿ ಅರ್ಧದಲ್ಲಿತ್ತು. ನನ್ನಿವಾಳದ ಹತ್ತಿರ ನಮ್ಮ ಹೊಲದಲ್ಲಿ ಅಪ್ಪ ಬಾವಿ ತೋಡಲು ನಿಂತಿದ್ದ, ಕೈ ಸಾಲುತ್ತಿರಲಿಲ್ಲ. ಅಪ್ಪ ಅಗೆದ, ನಾನು ಬುಟ್ಟಿ ತುಂಬಿದೆ, ಅವ್ವ ಹೊತ್ತು ಮೇಲೆ ಸುರಿದಳು. ಮೆಟ್ಟಿಲು ಕಟ್ಟಿದ್ದೂ ನಾವೇ. ಇವತ್ತಿಗೂ ಒಂದು ಕಲ್ಲು ಅಲುಗಿಲ್ಲ.

ಸಮುದ್ರವನ್ನು ನಾನು ನೋಡಿದ್ದು ಟಿವಿಯಲ್ಲಿ ಮಾತ್ರ. ನಮಗೆ ಬೇಸಿಗೆ ಅಂದರೆ ಈ ಬಾವಿ. ಏಪ್ರಿಲ್ ಬಂತೆಂದರೆ ಚಳ್ಳಕೆರೆಯಿಂದ ಬೈಕುಗಳು ಬರುತ್ತಿದ್ದವು, ಮೊಳಕಾಲ್ಮುರು ಕಡೆಯ ನೆಂಟರು ಬರುತ್ತಿದ್ದರು. ಹುಡುಗರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಧುಮುಕುತ್ತಿದ್ದರು. ಎಲ್ಲ ಗಂಡಸರದೇ ಗದ್ದಲ. ಹೆಂಗಸರು ದಡದಲ್ಲಿ ಮಂಡಕ್ಕಿ ಕಲಸಿ ಕೊಟ್ಟು, ಒದ್ದೆ ಬಟ್ಟೆ ಎತ್ತಿಕೊಂಡು ಹೋಗುತ್ತಿದ್ದರು.

ಕೊರೋನಾ ಬಂದ ವರ್ಷ ಊರಿನ ಹಿರಿಯರೊಬ್ಬರು ಬಾಯಿಗೆ ಟವೆಲ್ ಸುತ್ತಿಕೊಂಡು ಬಂದು ದೂರವೇ ನಿಂತರು. ಜನ ಸೇರಿದರೆ ರೋಗ ಹರಡುತ್ತದೆ, ಬಾವಿಗೆ ಜಾಲಿಮುಳ್ಳು ಹಾಕಿ ಮುಚ್ಚಿಬಿಡು ಅಂದರು. ಅವರ ಮಾತು ಸುಳ್ಳಲ್ಲ. ಆದರೆ ಅಷ್ಟು ದುಡಿದು ತೋಡಿದ ಬಾವಿಗೆ ಮುಳ್ಳು ಹಾಕಲು ನನಗೆ ಕೈ ಬರಲಿಲ್ಲ.

ನಾನು ಕುರಿ ಕಾದವನು. ಒಂದೇ ನೀರಿನ ತೊಟ್ಟಿಗೆ ಎರಡು ಹಿಂಡು ಬಂದು ಬೆರೆತರೆ ಬಿಡಿಸುವುದರಲ್ಲಿ ಹೊತ್ತು ಮುಳುಗುತ್ತದೆ. ಅದಕ್ಕೇ ಮೊದಲು ಬಂದವನು ಕಂಬಳಿಯನ್ನು ಗಿಡದ ಮೇಲೆ ಹಾಕುತ್ತಾನೆ. ಕಂಬಳಿ ಇರುವವರೆಗೆ ಇನ್ನೊಬ್ಬ ದೂರವೇ ಹಿಂಡು ನಿಲ್ಲಿಸುತ್ತಾನೆ. ಅದನ್ನೇ ಹಿರಿಯರಿಗೆ ಹೇಳಿದೆ. ಒಂದು ಸಲಕ್ಕೆ ಒಂದೇ ಮನೆಯವರು, ನಮ್ಮ ಊರಿನವರು ಮಾತ್ರ, ಬಾವಿಯ ಪಕ್ಕದ ಬೇವಿನ ಕೊಂಬೆಯ ಮೇಲೆ ಕಂಬಳಿ.

"ನಮ್ಮನ್ನೂ ಕುರಿ ಮಾಡಿದೆಯಲ್ಲೋ," ಅಂದು ಹಿರಿಯರು ನಕ್ಕು ಒಪ್ಪಿದರು.

ಸಂಜೆ ಮನೆಯಲ್ಲಿ ಈ ಸುದ್ದಿ ಹೇಳಿದಾಗ ನನ್ನ ಹೆಂಡತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ಮನೆಯೋರು ಅಂದ್ರೆ ನಾವೂ ಮನೆಯೋರೇ ಅಲ್ಲೇನ್ರಿ?"

ನನಗೆ ಅದು ಹೊಳೆದಿರಲಿಲ್ಲ. ಹೆಂಗಸರು ನೀರಿಗಿಳಿದರೆ ಊರು ಏನನ್ನುತ್ತದೋ ಎಂದು ಗೊಣಗಿದೆ. ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಅವ್ವ ತಲೆ ಎತ್ತಲಿಲ್ಲ.

"ಕಂಬಳಿ ಇದ್ರೆ ಊರು ಯಾಕೆ ಬರ್ತೈತಲೇ? ಆ ಬಾವಿ ಮಣ್ಣು ಹೊತ್ತೋಳು ನಾನು. ನೀರು ಬಂದ್ಮೇಲೆ ಒಂದು ದಿನಾನೂ ಇಳಿದಿಲ್ಲ."

ಮರುದಿನ ಬೆಳಗ್ಗೆ ಕಂಬಳಿ ಹಾಕಿದೆ. ಮಗಳಿಗೆ ಬುರುಡೆ ಕಟ್ಟಿದೆ, ಹೆಂಡತಿಯ ನಡುವಿಗೆ ಹಗ್ಗ ಕಟ್ಟಿ ಮೇಲಿನಿಂದ ಹಿಡಿದುಕೊಂಡೆ. ಸೀರೆ ಉಬ್ಬಿ ಅವಳು ತೇಲಿದಾಗ ಮಗಳು ನಗು ತಡೆಯಲಾರದೆ ನೀರು ಕುಡಿದಳು. ಅವ್ವ ಕೈ ಊರಿಕೊಂಡು ಒಂದೊಂದೇ ಮೆಟ್ಟಿಲು ಇಳಿದು, ನೀರಲ್ಲಿ ಕಾಲು ಬಿಟ್ಟು ಕೂತಳು. ಎದ್ದು ಬಾ ಎಂದರೆ, ಕಂಬಳಿ ಇನ್ನೂ ಐತೆ ಬಿಡು ಅಂದಳು.

ರೋಗ ಹೋಯಿತು, ಬೈಕುಗಳು ಮತ್ತೆ ಬಂದವು. ಆದರೆ ಬೇಸಿಗೆಯ ಬೆಳಗಿನ ಹೊತ್ತು ಹೆಂಗಸರಿಗೆಂದು ಬೇವಿನ ಮೇಲೆ ಈಗಲೂ ಕಂಬಳಿ ಇರುತ್ತದೆ. ಆ ಹಿರಿಯರ ಸೊಸೆಯಂದಿರೂ ಬರುತ್ತಾರೆ.

ಈಗ ನನಗಿರುವುದು ನಾಲ್ಕು ಎಕರೆ ಶೇಂಗಾ ಹೊಲ, ಮೂವತ್ತು ಕುರಿ, ಒಂದು ಬಾವಿ, ಒಂದು ಹಳೆಯ ಕಂಬಳಿ. ಮನೆಯಲ್ಲಿ ಈಜು ಬರುವ ಹೆಂಗಸರು ಇಬ್ಬರು, ಮೆಟ್ಟಿಲ ಮೇಲೆ ಕೂತು ಕಾಲು ನೆನೆಸುವ ಅವ್ವ ಒಬ್ಬಳು.